ಬ್ಯಾಗಿನಲ್ಲಿದ್ದ ಕನ್ನಡಕ

ಜಿಗಣಿಯ ಕಾರ್ಖಾನೆಯೊಂದರಲ್ಲಿ ಕಾರ್ಮಿಕರಿಗೆ ಸುರಕ್ಷತೆಯ ಪಾಠ ಹೇಳುವುದು ಆಗ ನನ್ನ ಕೆಲಸ. ಕಬ್ಬಿಣ ಬಡಿಯುವಾಗ ಕನ್ನಡಕ ಹಾಕದವನನ್ನು ಮನೆಗೆ ಕಳಿಸುವ ಅಧಿಕಾರವೂ ಇತ್ತು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬೈಕಿನ ಹಿಂದಿನ ಚಕ್ರ ಕರಕರ ಎನ್ನುತ್ತ ಅಲುಗಾಡತೊಡಗಿದ್ದರಿಂದ ಹೆಬ್ಬಗೋಡಿಯ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಮೆಕ್ಯಾನಿಕ್ ಬಿಜಾಪುರದ ಕಡೆಯವನು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಚಕ್ರ ಬಿಚ್ಚಿದಾಗ ಬೇರಿಂಗಿನ ಗುಂಡುಗಳು ಉದುರಿ ಬಂದವು. ಹೊರಗಿನ ಉಕ್ಕಿನ ಬಳೆ ಮಾತ್ರ ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿತ್ತು. ಆತ ಡೀಸೆಲ್ ಸುರಿದ, ಬಡಿದ. ಅದು ಜಪ್ಪಯ್ಯ ಎನ್ನಲಿಲ್ಲ.

“ಹಬ್ಬಕ್ಕ ಬಂದ ಅಳಿಯಾ ಕುಂತಂಗ ಕುಂತೈತ್ರಿ ಸರ, ಹೋಗು ಅಂದ್ರ ಹೋಗವಲ್ದು,” ಎಂದು ನಕ್ಕ. “ಕಾಯಿಸಿದ್ರ ತಾನ ಸಡ್ಲ ಆಗತೈತಿ. ಅರ್ಧ ತಾಸು ತಡೀರಿ, ಬಾಜೂ ವೆಲ್ಡಿಂಗ್ ಅಂಗಡಿ ತಗೀಲಿ.”

“ಅಷ್ಟೊತ್ತು ಕಾಯಕ್ಕಾಗಲ್ಲ. ಹೊಡೆದೇ ತೆಗೀರಿ ಅಣ್ಣ, ನಾನ್ ಹಿಡ್ಕೋತೀನಿ.”

“ನಿಮ್ಮ ಗಡಿಬಿಡಿಗೆ ಬೇರಿಂಗ್ ಅಂಜತೈತೇನ್ರಿ?” ಎನ್ನುತ್ತಲೇ ಉಳಿ ಎತ್ತಿಕೊಂಡ.

ನಾನು ಬಗ್ಗಿ ಚಕ್ರ ಹಿಡಿದೆ. ಕಾರ್ಖಾನೆಯ ಕನ್ನಡಕ ಹೆಗಲ ಬ್ಯಾಗಿನಲ್ಲೇ ಇತ್ತು. ನೆನಪೂ ಇತ್ತು. ರಸ್ತೆ ಬದಿಯಲ್ಲಿ ಒಂದು ಬೈಕಿಗೆ ಅಷ್ಟೆಲ್ಲ ಯಾಕೆ ಎನಿಸಿತ್ತು.

ಮೂರನೆಯ ಏಟಿಗೆ ಬಳೆ ಸಿಡಿಯಿತು. ಗಾಜು ಬಿರಿದಂಥ ಸಣ್ಣ ಸದ್ದು. ಒಂದು ಚೂರು ನನ್ನ ಕಿವಿಯ ಪಕ್ಕದಲ್ಲೇ ಹೋಗಿ ಶಟರಿಗೆ ಬಡಿಯಿತು. ಆತ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಎಡಗಣ್ಣು ಮುಚ್ಚಿಕೊಂಡು, “ಏನೋ ಬಿತ್ತು ನೋಡ್ರಿ ಸರ,” ಎಂದ. ಬೆರಳ ಸಂದಿಯಿಂದ ಮೊದಲು ನೀರಿನಂಥದ್ದು, ಆಮೇಲೆ ರಕ್ತ ಇಳಿಯಿತು. ನನ್ನ ಮುಖ ಅವನ ಮುಖಕ್ಕಿಂತ ಚಕ್ರಕ್ಕೆ ಹತ್ತಿರವಿತ್ತು. ಆ ಅಂತರವನ್ನು ಇವತ್ತಿಗೂ ಅಳೆಯುತ್ತಿರುತ್ತೇನೆ.

ಆಟೋ ಬೊಮ್ಮನಹಳ್ಳಿಯ ಆಸ್ಪತ್ರೆ ಮುಟ್ಟುವವರೆಗೂ ಆತ ಕೇಳಿದ್ದು ಒಂದೇ ಮಾತು: “ಕಣ್ಣು ಉಳೀತೈತಲ್ರಿ?”

“ಉಳಿಯತ್ತೆ ಅಣ್ಣ, ಉಳಿಯತ್ತೆ,” ಎನ್ನುತ್ತಿದ್ದೆ. ಉಳಿಯಲಿಲ್ಲ.

ಚಕ್ರದಲ್ಲಿ ಉಳಿದಿದ್ದ ಬಳೆಯ ತುಂಡನ್ನು ಬೇರೊಬ್ಬ ಮೆಕ್ಯಾನಿಕ್ ಕಾಯಿಸಿ ತೆಗೆದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಕಾರ್ಖಾನೆಯಲ್ಲಿ, ಆ ದಿನ ಯಾಕೆ ತಡವಾಯಿತೆಂದು ಯಾರೂ ಕೇಳಲಿಲ್ಲ. ಮರುದಿನ ಎಂದಿನಂತೆ ಪಾಠ ಹೇಳಿದೆ.

ಕೆಲವು ತಿಂಗಳ ಮೇಲೆ, ಹೆಬ್ಬಗೋಡಿಯ ಆ ಮೆಕ್ಯಾನಿಕ್ ಕೆಲಸಕ್ಕೆ ಮರಳಿದ್ದಾನೆಂದು ತಿಳಿದು, ಹೊಸ ಕನ್ನಡಕವೊಂದನ್ನು ಕೊಂಡು ಗ್ಯಾರೇಜಿಗೆ ಹೋದೆ. ಆತ ಅದನ್ನು ಹಾಕಿಕೊಂಡು ನನ್ನ ಕಡೆ ತಿರುಗಿದ.

“ಅರ್ಧಾ ಸಾಕಿತ್ತಲ್ರಿ ಸರ.”

ಅಲ್ಲಿದ್ದ ಗಿರಾಕಿಯೊಬ್ಬ ನಕ್ಕ. ಮೆಕ್ಯಾನಿಕ್ ನಗಲಿಲ್ಲ. ಬಿಚ್ಚಿಟ್ಟಿದ್ದ ಯಾರದೋ ಚಕ್ರವನ್ನು ನನ್ನತ್ತ ಹೊರಳಿಸಿ, “ಹಿಡೀರಿ,” ಎಂದ.

ನಾನು ಹಿಂದಕ್ಕೆ ಸರಿದೆ.