ಚಿಕ್ಕಮ್ಮ ನಯ ಮಾಡಿದ ಪಿಸ್ತೂಲು

ನನ್ನ ಅಕ್ಷರ ಚೆನ್ನಾಗಿಲ್ಲ. ಬರೆಯುತ್ತಾ ಹೋದಂತೆ ಸಾಲು ಮೇಲಕ್ಕೆ ಏರಿಬಿಡುತ್ತದೆ. ಶಾಲೆ ಬಿಟ್ಟವಳಾದ್ದರಿಂದ ಒಳ್ಳೆಯ ಮಾತುಗಳೂ ಹೆಚ್ಚು ಗೊತ್ತಿಲ್ಲ. ಓದುವವರು ಕ್ಷಮಿಸಬೇಕು. ನನ್ನ ಚಿಕ್ಕಮ್ಮನ ಈ ಸಂಗತಿಯನ್ನು ಏನೂ ಸೇರಿಸದೆ ಹೇಳಲು ಪ್ರಯತ್ನಿಸುತ್ತೇನೆ.

ಚಿಕ್ಕಮ್ಮ ಪಿಸ್ತೂಲು ರಿಪೇರಿ ಮಾಡುವವಳು. ಗುರಿ ಹೊಡೆಯುವ ಕ್ಲಬ್ಬಿನ ಹಿಂಬದಿಯಲ್ಲಿ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಗೋಡೆಗೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುಹಾಕಿದ ಅರಗಳು. ಕ್ಲಬ್ಬಿನವರೆಲ್ಲ ಅವಳನ್ನು ‘ಅರದಮ್ಮ’ ಎನ್ನುತ್ತಾರೆ. ಎದುರಿಗೇ ಕರೆದರೂ ಅವಳಿಗೆ ಬೇಸರವಿಲ್ಲ. “ಹೆಸರು ಕೂಗಿದ್ರೆ ತಿರುಗಿ ನೋಡ್ತೀನೋ ಇಲ್ವೋ, ಅರ ಅಂದ್ರೆ ಖಂಡಿತ ನೋಡ್ತೀನಿ” ಎನ್ನುತ್ತಾಳೆ.

ಆದರೆ ಅವಳು ಅರವನ್ನು ಸುಲಭಕ್ಕೆ ಮುಟ್ಟುವವಳಲ್ಲ. ಮೊದಲು ದೀಪದ ಮಸಿ. ಒಂದಕ್ಕೊಂದು ತಾಗುವ ಭಾಗಗಳಿಗೆ ತೆಳ್ಳಗೆ ಮಸಿ ಹಿಡಿಸಿ, ಜೋಡಿಸಿ, ಟ್ರಿಗರ್ ಎಳೆದು, ಮತ್ತೆ ಬಿಚ್ಚಿ ನೋಡುತ್ತಾಳೆ. ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ಉಜ್ಜುತ್ತಿದೆ ಎಂದರ್ಥ. ಸಾಣೆಕಲ್ಲು ಅಲ್ಲಿಗೆ ಮಾತ್ರ. ಬೇರೆ ಕಡೆ ಒಂದು ಚೂರೂ ಇಲ್ಲ.

ಆ ಶನಿವಾರ ಮಧ್ಯಾಹ್ನ ಬಸ್ಸಿನ ಪಾಳಿ ಮುಗಿಸಿಕೊಂಡು ಅವಳ ನಾದಿನಿ ಬಂದಳು. ನಾದಿನಿ ಬಸ್ಸು ಓಡಿಸುತ್ತಾಳೆ, ಬಿಡುವಿನಲ್ಲಿ ಗುರಿ ಹೊಡೆಯುತ್ತಾಳೆ. ಅವಳ ಪಿಸ್ತೂಲು ತಂದೆಯಿಂದ ಬಂದದ್ದು, ಹಳೆಯದು. ಮರುದಿನ ಬೆಳಗ್ಗೆ ಕ್ಲಬ್ಬಿನ ತಂಡಕ್ಕೆ ಆಯ್ಕೆ ಇತ್ತು. ಟ್ರಿಗರ್ ಒರಟಾಗಿದೆ ಎಂದು ಹಿಂದೆಯೇ ಎರಡು ಸಲ ತಂದು ಕೊಟ್ಟಿದ್ದಳು. ಎರಡು ಸಲವೂ ಚಿಕ್ಕಮ್ಮ ನಯ ಮಾಡಿ ಕಳಿಸಿದ್ದಳು.

“ಅತ್ತಿಗೆ, ಮತ್ತೆ ಅದೇ ಕಥೆ. ಎಳೆದ್ರೆ ಮರಳು ಜಗಿದ ಹಾಗಾಗುತ್ತೆ.”

“ನಿನ್ನ ಬೆರಳಲ್ಲೇ ಮರಳಿರಬೇಕು. ದಿನವೆಲ್ಲ ಗೇರು ಹಾಕಿ ಹಾಕಿ ಮರಗಟ್ಟಿದೆ.”

“ತಮಾಷೆ ಬೇಡ. ಇವತ್ತು ಸರಿಹೋಗ್ಲಿಲ್ಲ ಅಂದ್ರೆ ನಾಳೆ ನಾನು ಆಯ್ಕೆಗೆ ನಿಲ್ಲೋದೇ ಇಲ್ಲ. ಕ್ಲಬ್ಬಿನ ಪಿಸ್ತೂಲು ನನ್ನ ಕೈಗೆ ಕೂರಲ್ಲ. ಇದನ್ನ ಅಪ್ಪನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ತೀನಿ.”

ಚಿಕ್ಕಮ್ಮ ನಗುವುದನ್ನು ನಿಲ್ಲಿಸಿದಳು. ನಾದಿನಿ ಹೇಳಿದ್ದನ್ನು ಮಾಡುವವಳೇ ಎಂದು ಅವಳಿಗೆ ಗೊತ್ತಿತ್ತು. “ಕೂತ್ಕೋ. ಸರಿಮಾಡದೆ ನಿನ್ನನ್ನ ಎಬ್ಬಿಸಲ್ಲ” ಎಂದಳು.

ಪಿಸ್ತೂಲು ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿಯೂ ನೋಡಿದಳು. ಆಮೇಲೆ ಎಂದಿನಂತೆ ಸ್ಕ್ರೂ ತಿರುಗಿಸಿ ಹಿಡಿಯ ಎರಡು ಮರದ ಹೋಳುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಟ್ರಿಗರ್ ಎಳೆದಳು. ಬೆಣ್ಣೆ.

“ಎಲ್ಲಿದೆಯೇ ನಿನ್ನ ಮರಳು?”

“ನೀನು ಎಳೆದ್ರೆ ನಯ, ನಾನು ಎಳೆದ್ರೆ ಒರಟು. ಇದಕ್ಕೂ ಅತ್ತಿಗೆ ಕಂಡ್ರೆ ಭಯಾನಾ?”

“ಹಾಗಾದ್ರೆ ತಗೋ, ಹೀಗೇ ಎಳಿ” ಎಂದು ಚಿಕ್ಕಮ್ಮ ಹಿಡಿಯಿಲ್ಲದ ಪಿಸ್ತೂಲನ್ನೇ ಅವಳ ಕೈಗಿಟ್ಟಳು. ನಾದಿನಿ ಗೋಡೆಯ ಕಡೆ ತಿರುಗಿಸಿ ಎಳೆದಳು. ಅವಳ ಹುಬ್ಬು ಮೇಲೇರಿತು.

“ಅಯ್ಯೋ, ಈಗ ನಯವಾಗಿದೆಯಲ್ಲ!”

ಚಿಕ್ಕಮ್ಮ ಮೇಜಿನ ಮೇಲಿದ್ದ ಮರದ ಹೋಳುಗಳನ್ನು ನೋಡಿದಳು. ನೋಡುತ್ತಲೇ ಇದ್ದಳು. ಒಳಗಿನ ಕೆಲಸ ಮಾಡಲು ಹಿಡಿಯನ್ನು ಮೊದಲು ಬಿಚ್ಚಬೇಕು, ಅವಳ ಕೈ ಪಳಗಿದ್ದೇ ಹಾಗೆ. ಎರಡು ಸಲವೂ ಬಿಚ್ಚಿಟ್ಟೇ ಎಳೆದು ನೋಡಿದ್ದಳು, ಬಿಚ್ಚಿಟ್ಟೇ ನಯ ಮಾಡಿದ್ದಳು. ಹಿಡಿ ತೊಡಿಸಿದ ಮೇಲೆ ಒಮ್ಮೆಯೂ ಎಳೆದಿರಲಿಲ್ಲ.

ಟ್ರಿಗರಿನಿಂದ ಹಿಂದಕ್ಕೆ ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ಹೋಗುತ್ತದೆ. ಅದು ಓಡಾಡುವುದು ಬಲಗಡೆಯ ಹೋಳಿನ ಮಗ್ಗುಲಲ್ಲೇ. ಚಿಕ್ಕಮ್ಮ ಆ ಪಟ್ಟಿಗೆ ಮಸಿ ಹಿಡಿಸಿದಳು, ಹಿಡಿ ತೊಡಿಸಿದಳು, ಎಳೆದಳು. ಈಗ ಅವಳ ಬೆರಳಿಗೂ ಮರಳು ಸಿಕ್ಕಿತು. ಬಿಚ್ಚಿದರೆ ಮರದ ಒಳಮೈಯಲ್ಲಿ ಕಾಡಿಗೆ ತೀಡಿದಂಥ ಕಪ್ಪು ಗೆರೆ.

“ಸಿಕ್ತಾ?” ನಾದಿನಿ ಬಗ್ಗಿದಳು.

“ಸಿಕ್ತು. ಆದ್ರೆ ನಿನ್ನ ಅಣ್ಣನಿಗೆ ಹೇಳೋರ್ಯಾರು?”

ಆ ಹಿಡಿಯನ್ನು ತಂಗಿಗೆಂದು ಕೆತ್ತಿಕೊಟ್ಟದ್ದು ಚಿಕ್ಕಪ್ಪ. ಅವನು ಬಡಗಿ. ತನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರೆ ಊಟ ಬಿಡುವ ಮನುಷ್ಯ. ಫೋನು ಮಾಡಿದಾಗ “ಉಳಿ ತಗೊಂಡು ಬನ್ನಿ” ಎಂದಷ್ಟೇ ಚಿಕ್ಕಮ್ಮ ಹೇಳಿದಳು. ಅವನು ಮೈತುಂಬ ಮರದ ಹೊಟ್ಟು ಮಾಡಿಕೊಂಡೇ ಬಂದ. ಗೆರೆ ನೋಡಿದ. ಮುಖ ಬಿಗಿಯಿತು.

“ನನ್ನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.”

“ಇರೋದೂ ಕೂದಲೆಳೆಯಷ್ಟೇ” ಎಂದಳು ಚಿಕ್ಕಮ್ಮ. “ನೀವು ಕೆತ್ತಿದಾಗ ಬೇಸಿಗೆ. ಈಗ ಮಳೆ ಹಿಡಿದು ಮರ ಉಬ್ಬಿದೆ. ನಿಮಗಿಂತ ದೊಡ್ಡ ಪೆದ್ದಿ ನಾನು. ಎರಡು ಸಲ ಹಿಡಿ ಬಿಚ್ಚಿಟ್ಟು ಒರಟು ಹುಡುಕ್ತಾ ಕೂತಿದ್ದೆ.”

ಚಿಕ್ಕಪ್ಪ ತಂಗಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. “ದೊಡ್ಡ ಪೆದ್ದಿ ಅನ್ನೋದನ್ನ ನನ್ನ ತಂಗಿ ಕೇಳಿಸ್ಕೊಂಡಿದ್ದಾಳೆ, ಆಮೇಲೆ ಇಲ್ಲ ಅನ್ಬೇಡ” ಎಂದು ಕುರ್ಚಿ ಎಳೆದುಕೊಂಡು ಕೂತ. ಕಪ್ಪು ಗೆರೆ ಇದ್ದಲ್ಲಿ ಮಾತ್ರ ಉಳಿಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಹೆರೆದ. ಮತ್ತೆ ಮಸಿ, ಮತ್ತೆ ಹೆರೆತ. ಕೊನೆಗೆ ಮರದ ಮೇಲೆ ಗೆರೆ ಮೂಡಲಿಲ್ಲ. ತೇವ ಹೀರದಿರಲೆಂದು ಹೆರೆದ ಜಾಗಕ್ಕೆ ಎಣ್ಣೆ ಸವರಿದ.

ನಾದಿನಿ ಎಳೆದಳು. ಮತ್ತೆ ಎಳೆದಳು, ಕಣ್ಣು ಮುಚ್ಚಿ.

“ಮಾತಾಡೇ!” ಎಂದ ಚಿಕ್ಕಪ್ಪ.

“ತಡಿ ಅಣ್ಣ, ರುಚಿ ನೋಡ್ತಿದೀನಿ.”

ಆದರೆ ಚಿಕ್ಕಮ್ಮ ಇನ್ನೂ ನಗಲಿಲ್ಲ. ಆಯ್ಕೆಗೆ ಮುಂಚೆ ಟ್ರಿಗರಿಗೆ ತೂಕ ಕಟ್ಟಿ ಪರೀಕ್ಷಿಸುತ್ತಾರೆ. ತೂಕ ಮೇಲೇಳುವ ಮೊದಲೇ ಟ್ರಿಗರ್ ಬಿಟ್ಟುಕೊಂಡರೆ ಆ ಪಿಸ್ತೂಲು ಹೊರಗೆ. ಎರಡು ಸಲ ಸುಮ್ಮನೆ ಸಾಣೆ ಕಂಡಿದೆ, ಈಗ ಮರದ ತಡೆಯೂ ಹೋಗಿದೆ. ಟ್ರಿಗರ್ ತೀರಾ ಹಗುರಾಗಿರಲೂಬಹುದು. ಅವಳು ಮೂತಿಯನ್ನು ಮೇಲಕ್ಕೆ ಹಿಡಿದು, ಕಟ್ಟಳೆಯ ತೂಕವನ್ನು ಟ್ರಿಗರಿಗೆ ಸಿಕ್ಕಿಸಿ ಮೆಲ್ಲಗೆ ಎತ್ತಿದಳು. ತೂಕ ಮೇಜು ಬಿಟ್ಟು ಮೇಲೆದ್ದಿತು. ಟ್ರಿಗರ್ ಅಲುಗಲಿಲ್ಲ. ಇನ್ನೊಮ್ಮೆ ಎತ್ತಿದಳು. ಆಗಲೂ ಇಲ್ಲ.

“ಮಸಿ ಅಳಿಸದ ಕಡೆ ನಾನು ಕೈಯಿಟ್ಟವಳಲ್ಲ” ಎಂದಳು, ಎದೆಯ ಮೇಲಿನ ಭಾರ ಇಳಿದವಳಂತೆ. “ಅದಕ್ಕೇ ಟ್ರಿಗರಿನ ಬಿಗಿ ಉಳಿದುಕೊಂಡಿದೆ. ಎದ್ದೇಳು ಈಗ, ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡು.”

ಮರುದಿನ ನಾದಿನಿ ಆ ಪಿಸ್ತೂಲು ಹಿಡಿದೇ ನಿಂತಳು, ತಂಡಕ್ಕೆ ಸೇರಿದಳು. ಮೊದಲ ಸ್ಥಾನವೇನೂ ಬರಲಿಲ್ಲ, ಕೊನೆಯ ಜಾಗ ಸಿಕ್ಕಿತು. ಅವಳಿಗೆ ಅದು ಸಾಕಾಗಿತ್ತು. ಚಿಕ್ಕಪ್ಪನಂತೂ ಕಂಡವರಿಗೆಲ್ಲ “ಹಿಡಿ ನಂದು” ಎನ್ನುತ್ತಾ ಓಡಾಡಿದ. ಚಿಕ್ಕಮ್ಮ ತಡೆಯಲಿಲ್ಲ. ಈಗ ಯಾರೇ ಪಿಸ್ತೂಲು ತಂದರೂ ಅವಳು ಅದನ್ನು ಬಂದ ಹಾಗೆಯೇ ಹಿಡಿದು ಎಳೆದು ನೋಡುತ್ತಾಳೆ. ಬಿಚ್ಚುವುದು ಆಮೇಲೆ.

ಸೋಮವಾರದಿಂದ ನಾನು ಚಿಕ್ಕಮ್ಮನ ಹತ್ತಿರ ಕೆಲಸ ಕಲಿಯಲು ಹೋಗುತ್ತೇನೆ.