ನನಗೇನಾಗಿಲ್ಲ ಎಂದವರ ನಾಡಿ

ಹಿರಿಯೂರಿನ ಆಂಬುಲೆನ್ಸಿನಲ್ಲಿ ನರ್ಸ್ ಆಗಿರುವ ಕೊಟ್ರೇಶನಿಗೆ ಒಂದು ಚಾಳಿ ಅಂಟಿಕೊಂಡಿದೆ. ಯಾರಾದರೂ "ನನಗೇನಾಗಿಲ್ಲಪ್ಪ, ಚೆನ್ನಾಗಿದೀನಿ" ಎಂದರೆ ಸಾಕು, ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಾನೆ. ಟೀ ಅಂಗಡಿಯವನದ್ದೂ ನೋಡಿದ್ದಾನೆ, ಮದುವೆಮನೆಯಲ್ಲಿ ಬೀಗರದ್ದೂ ನೋಡಿದ್ದಾನೆ. "ಲೇ, ನೆಗಡಿ ಆದೋರ್ನೂ ಸ್ಟ್ರೆಚರ್ ಮ್ಯಾಲೆ ಮಲಗಿಸ್ತೀಯಲ್ಲೋ" ಎಂದು ಡ್ರೈವರ್ ಗಿರೀಶ್ ಛೇಡಿಸುತ್ತಾನೆ. ಆ ಚಾಳಿ ಎಲ್ಲಿಂದ ಬಂತೆಂದು ಗಿರೀಶನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಛೇಡಿಸುತ್ತಾನೆ. ಸುಮ್ಮನೆ ಬಿಟ್ಟರೆ ಇವನು ದಿನವಿಡೀ ಕಿಟಕಿಯಾಚೆ ನೋಡುತ್ತ ಕೂತುಬಿಡುತ್ತಾನೆ.

ಕೊಟ್ರೇಶ್ ಭರಮಸಾಗರದವನು. ತಾಯಿ ಅನ್ನಪೂರ್ಣಮ್ಮ ಹೆಸರಿಗೆ ತಕ್ಕ ಹೆಂಗಸು. ಬಂದವರಿಗೆಲ್ಲ ಬಡಿಸಿ, ಕೊನೆಗೆ "ನಂದಾಯ್ತು, ನೀವುಣ್ರಪ್ಪ" ಎನ್ನುತ್ತಿದ್ದಳು. ಹುಡುಗನಾಗಿದ್ದಾಗ ಒಮ್ಮೆ ಕೊಟ್ರೇಶ್ ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದ. ತಳ ಕೆರೆದಾಗಿತ್ತು, ಒಂದು ಅಗುಳೂ ಉಳಿದಿರಲಿಲ್ಲ. ಅವ್ವನ ಮುಖ ನೋಡಿದರೆ ಅವ್ವ ಹೂವು ಕಟ್ಟುತ್ತ ಕೂತಿದ್ದಳು. ಇವನು ಮುಚ್ಚಳ ಮುಚ್ಚಿ ಆಡಲು ಹೋದ. ನಮ್ಮ ಸೀಮೆಯಲ್ಲಿ ಹೆಂಗಸರ ಈ ಸುಳ್ಳಿಗೆ ಮರ್ಯಾದೆ ಎಂದು ಹೆಸರು. ಅದನ್ನು ನಂಬಿದ ಹಾಗೆ ನಟಿಸುವುದಕ್ಕೆ ಏನು ಹೆಸರೋ, ಯಾರೂ ಇಟ್ಟಿಲ್ಲ.

ಚಿತ್ರದುರ್ಗದಲ್ಲಿ ಆಂಬುಲೆನ್ಸ್ ಕೆಲಸಕ್ಕೆ ತರಬೇತಿ ಕೊಟ್ಟವರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ್ದರು. ದೊಡ್ಡ ಅಪಘಾತವಾದಾಗ ಕೂಗುವವರ ಹತ್ತಿರ ಮೊದಲು ಓಡಬೇಡಿ, ಕೂಗುವವರಿಗೆ ಉಸಿರಿದೆ, ಸುಮ್ಮನಿರುವವರನ್ನು ಹುಡುಕಿ. ಪ್ರಾಣಕ್ಕೆ ಕುತ್ತು ಬಂದವರಿಗೆ ಕೆಂಪು ಪಟ್ಟಿ, ಸ್ವಲ್ಪ ತಾಳಬಲ್ಲವರಿಗೆ ಹಳದಿ, ಎದ್ದು ಓಡಾಡುವವರಿಗೆ ಹಸಿರು. ಕೂಗುವವರು, ಸುಮ್ಮನಿರುವವರು, ಇಬ್ಬರ ವಿಷಯವೂ ಅವನಿಗೆ ಬಾಯಿಪಾಠವಾಗಿತ್ತು.

ಆಗ ಆ ಚಾಳಿ ಇನ್ನೂ ಅಂಟಿರಲಿಲ್ಲ. ಯುಗಾದಿಗೆ ಒಂದು ವಾರವಿತ್ತು. ಶಿರಾ ಕಡೆಯಿಂದ ಬರುತ್ತಿದ್ದ ಬಸ್ಸೊಂದು ಜವನಗೊಂಡನಹಳ್ಳಿ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಗುದ್ದಿತು. ಮೊದಲು ಹೋಗಿ ಮುಟ್ಟಿದ್ದು ಕೊಟ್ರೇಶನ ಗಾಡಿ. ಮಟಮಟ ಮಧ್ಯಾಹ್ನ. ರಸ್ತೆಯ ತುಂಬ ಚಪ್ಪಲಿ, ಹಬ್ಬದ ಬಟ್ಟೆಯ ಚೀಲ, ಗಾಜು. ಮೊಬೈಲ್ ಹಿಡಿದು ನಿಂತವರಿಗಂತೂ ಬರವಿರಲಿಲ್ಲ. "ಫೋಟೋ ಸಾಕು, ಕೈ ಹಚ್ಚಿ ಬರ್ರಿ!" ಎಂದು ಗಿರೀಶ್ ಗದರಿದ ಮೇಲೆ ನಾಲ್ಕಾರು ಜನ ಮುಂದೆ ಬಂದರು, ಉಳಿದವರು ಗದರಿದ್ದನ್ನೂ ವಿಡಿಯೋ ಮಾಡಿಕೊಂಡರು.

ಕೊಟ್ರೇಶ್ ಕಲಿತ ಹಾಗೆಯೇ ಕೆಲಸ ಮಾಡಿದ. ಬಸ್ಸಿನ ಮುಂಭಾಗದಲ್ಲಿ ಸದ್ದಿಲ್ಲದೆ ಸಿಕ್ಕಿಕೊಂಡಿದ್ದವರನ್ನು ಮೊದಲು ತೆಗೆಸಿದ, ಕೆಂಪು ಕಟ್ಟಿದ. ಹಿಂದೆಯೇ ಬಂದ ಗಾಡಿಗಳಿಗೆ ಅವರನ್ನು ಏರಿಸಿದ. ಕೆಂಪಿನವರಲ್ಲಿ ಒಬ್ಬನೂ ಕೈತಪ್ಪಲಿಲ್ಲ ಎಂದು ಆಮೇಲೆ ಎಲ್ಲರೂ ಹೊಗಳಿದರು.

ಬಸ್ಸಿನಿಂದ ತಾನಾಗಿಯೇ ಇಳಿದ ಹಣ್ಣುಗೂದಲಿನ ಹೆಂಗಸೊಬ್ಬಳು ರಸ್ತೆಯ ಪಕ್ಕದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದಳು. ಮೈಮೇಲೆ ಒಂದು ತರಚುಗಾಯವೂ ಇಲ್ಲ.

"ನಿಮಗೇನಾಗೈತಮ್ಮ?"

"ನನಗೇನಾಗಿಲ್ಲ ಕಣಪ್ಪ. ಪಾಪ, ಆ ಹುಡುಗೀನ ನೋಡು ಮೊದ್ಲು."

ಕೊಟ್ರೇಶ್ ಅವಳ ಕೈಗೆ ಹಸಿರು ಪಟ್ಟಿ ಕಟ್ಟಿ ಮುಂದೆ ಹೋದ. ನಾಡಿ ನೋಡಲಿಲ್ಲ. ಪಟ್ಟಿ ಕಟ್ಟುವಾಗ ಬೆರಳು ನಾಡಿಯ ಮೇಲೇ ಇತ್ತು, ಆದರೂ ಎಣಿಸಲಿಲ್ಲ.

ಅವಳು ತೋರಿಸಿದ ಹುಡುಗಿ ಚೈತ್ರಾ, ಕಾಲೇಜಿಗೆ ಹೋಗುವವಳು. ತೊಡೆಯ ಮೂಳೆ ಮುರಿದಿತ್ತು. ಡ್ರಿಪ್ ಹಾಕಿದ, ಬಾಟಲಿ ತೂಗುಹಾಕಲು ಏನೂ ಸಿಗಲಿಲ್ಲ. ಆ ಹೆಂಗಸು ತಾನಾಗಿಯೇ ಕೈ ನೀಡಿದಳು. "ಇತ್ಲಾಗೆ ಕೊಡು, ನಾನು ಹಿಡ್ಕಂತೀನಿ." ಕೊಟ್ರೇಶನಿಗೆ ದೇವರೇ ಬಂದಂತಾಯಿತು.

ಮತ್ತೊಂದು ಸಲ ಆ ಕಡೆ ಹಾದಾಗ ಅವಳ ಹಣೆಯ ತುಂಬ ಬೆವರು. ಬಿಸಿಲು ಎಂದುಕೊಂಡ. "ಒಂಚೂರು ನೀರಿದ್ರೆ ಕೊಡಪ್ಪ" ಎಂದಳು. ಕೈಯಲ್ಲಿದ್ದ ಡ್ರಿಪ್ ಬಾಟಲಿ ಭುಜದ ಮಟ್ಟಕ್ಕೆ ಇಳಿದಿತ್ತು. "ಆಮ್ಯಾಕೆ ಕೊಡ್ತೀನಮ್ಮ. ಬಾಟ್ಲಿ ಎತ್ತಿ ಹಿಡ್ಕಳ್ರಿ, ಇಳಿಸಬ್ಯಾಡ್ರಿ" ಎಂದ. ಅವಳು ಎತ್ತಿ ಹಿಡಿದಳು.

ಚೈತ್ರಾಳನ್ನು ಸ್ಟ್ರೆಚರಿಗೆ ಎತ್ತಲು ಬಂದಾಗ ಆ ಹೆಂಗಸು ರಸ್ತೆಬದಿಯ ಕಂಬಿಗೆ ಒರಗಿ ಕುಸಿದಿದ್ದಳು. ಎಡಗೈಯಿಂದ ಬಲಗೈಯ ಮೊಣಕೈಗೆ ಆಸರೆ ಕೊಟ್ಟು ಬಾಟಲಿಯನ್ನು ಇನ್ನೂ ಮೇಲೆ ಹಿಡಿದಿದ್ದಳು. ತುಟಿ ಬಿಳುಚಿತ್ತು. ಈಗ ಮಣಿಕಟ್ಟು ಹಿಡಿದರೆ ನಾಡಿ ಕೈಗೆ ಸಿಗಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ದುರ್ಗದ ಸೀಮೆಯವನಿಗೆ ಈ ಗಾದೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಿರೀಶ್ ಗಾಡಿಯನ್ನು ಹಾರಿಸಿಕೊಂಡು ಹೋದರೂ ಆಸ್ಪತ್ರೆಯ ಗೇಟಿನಲ್ಲಿ ಅವಳ ಉಸಿರು ನಿಂತಿತು. ಎಡ ಪಕ್ಕೆಲುಬಿನ ಕೆಳಗಿನ ಗುಲ್ಮ ಒಡೆದು ಹೊಟ್ಟೆಯೊಳಗೇ ರಕ್ತ ಸೋರಿತ್ತು. "ಆ ಗದ್ದಲದಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ, ಬಿಡ್ರಿ" ಎಂದರು ಡಾಕ್ಟರು. ಬೆವರು, ಬಾಯಾರಿಕೆ, ಇಳಿಯುವ ಕೈ, ಒಳಗೇ ರಕ್ತ ಸೋರುವವರ ಗುರುತುಗಳು. ಮೂರನ್ನೂ ಅವನು ಕಣ್ಣಾರೆ ಕಂಡಿದ್ದ.

ಅವಳ ಹೆಸರು ಪಾಲಮ್ಮ, ಹರಿಯಬ್ಬೆಯವಳು. ಶಿರಾದಲ್ಲಿದ್ದ ಮಗಳು ಚಂದ್ರಕ್ಕನ ಮನೆಗೆ ಹೋಗಿ ಹಬ್ಬಕ್ಕೆಂದು ವಾಪಸ್ಸು ಬರುತ್ತಿದ್ದಳು. ಬಾಟಲಿಯ ಸುದ್ದಿಯನ್ನು ಚೈತ್ರಾಳ ಮನೆಯವರು ಊರಿಗೆ ಮುಟ್ಟಿಸಿದ್ದರು. ತಿಥಿಗೆ ಬರಲೇಬೇಕೆಂದು ಪಾಲಮ್ಮನ ಗಂಡ ದೊಡ್ಡತಿಮ್ಮಪ್ಪ ಆಸ್ಪತ್ರೆಗೇ ಬಂದು ಕೈಮುಗಿದು ಕರೆದ. ಕೊಟ್ರೇಶನಿಗೆ ಹೋಗುವ ಧೈರ್ಯವೂ ಇರಲಿಲ್ಲ, ಹೋಗದೆ ಇರುವ ಧೈರ್ಯವೂ ಇರಲಿಲ್ಲ. ಗಿರೀಶನೇ ಬೈಕಿನಲ್ಲಿ ಕರೆದುಕೊಂಡು ಹೋದ.

ಹರಿಯಬ್ಬೆಯಲ್ಲಿ ಪಾಲಮ್ಮ ಆಗಲೇ ದೇವತೆಯಾಗಿದ್ದಳು. "ಜೀವ ಹೋಗಾವರ್ಗೂ ಬಾಟ್ಲಿ ಇಳಿಸ್ಲಿಲ್ಲವಂತೆ ಮಹಾತಾಯಿ" ಎಂದು ಜಗಲಿಯ ಮೇಲೆ ಕೂತವರು ಹೇಳುತ್ತಿದ್ದರು. ಇಳಿಸಬೇಡ ಎಂದವನು ಅಲ್ಲೇ ಕೂತು ಅದನ್ನು ಕೇಳಬೇಕಾಗಿತ್ತು. ಕುಡಿಯಲು ಕೊಟ್ಟ ನೀರನ್ನು ಅವನು ಪಕ್ಕಕ್ಕಿಟ್ಟ.

ದೊಡ್ಡತಿಮ್ಮಪ್ಪ ಬಂದು ಪಕ್ಕದಲ್ಲಿ ಕೂತ. "ಕೊನೀಗೆ ಏನಾರ ಅಂದ್ಲಾ ಸಾಮಿ?"

ಹಬ್ಬಕ್ಕೆ ನಿಮ್ಮನ್ನು ನೆನೆದರು ಎಂದು ಒಂದು ಸುಳ್ಳು ಹೇಳಿದ್ದರೆ ಮುದುಕ ಅದನ್ನೇ ಕಟ್ಟಿಕೊಂಡು ಬದುಕುತ್ತಿದ್ದ. ಸುಳ್ಳು ಕೊಟ್ರೇಶನ ನಾಲಿಗೆಯ ತುದಿಗೂ ಬಂದಿತ್ತು.

"ನೀರು ಕೇಳಿದ್ರು" ಎಂದ. "ನಾನು ಕೊಡ್ಲಿಲ್ಲ. ಪೆಟ್ಟು ಬಿದ್ದೋರ್ಗೆ ನೀರು ಕುಡಿಸೋ ಹಂಗೇನೂ ಇರ್ಲಿಲ್ಲ. ಆದ್ರೆ ಯಾಕೆ ಕೇಳ್ತಾರೆ ಅಂತ ನಾನು ತಿಳ್ಕಬೇಕಿತ್ತು. ಬಾಟ್ಲಿ ಇಳಿಸಬ್ಯಾಡ್ರಿ ಅಂತ ಹೇಳಿದೋನು ನಾನೇ. ಅವ್ರು ನನಗೇನಾಗಿಲ್ಲ ಅಂದ್ರು. ನಾನು ನಂಬ್ದೆ."

ಗಿರೀಶ್ ಬೈಕಿನ ಕೀಲಿ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತ. ಹೊಡೆತ ಬಿದ್ದರೂ ಸರಿ, ಕೆನ್ನೆಗೆ ಬಿದ್ದರೆ ಮನಸ್ಸಿಗೆ ಹಗುರ ಎಂದು ಕೊಟ್ರೇಶ್ ತಲೆ ತಗ್ಗಿಸಿ ಕಾದ.

"ಅವ್ಳು ಹಂಗೇ ಅಂತಿದ್ದಿದ್ದು" ಎಂದ ದೊಡ್ಡತಿಮ್ಮಪ್ಪ. "ಜ್ವರದಾಗೆ ಕಳೆ ತೆಗೆಯಾಕೆ ಬಂದಾಗ್ಲೂ ಅಂದ್ಲು, ಹಸಿ ಬಾಣಂತಿ ನೀರು ಹೊತ್ತಾಗ್ಲೂ ಅಂದ್ಲು. ನೀನು ಒಂದ್ಸಲ ನಂಬ್ದೆ. ನಾನು ಜಲ್ಮೆಲ್ಲಾ ನಂಬ್ದೆ ಕಣಪ್ಪ. ನಂಬಿದ್ರೆ ನಮಗೆ ಸಸಾರ, ಏನೂ ಮಾಡಂಗಿಲ್ಲ, ಅಲ್ವಾ?"

ಕ್ಷಮಿಸಿದೆ ಎನ್ನಲಿಲ್ಲ. ಶಾಪವನ್ನೂ ಹಾಕಲಿಲ್ಲ. "ಏಳು, ಉಣ್ಣಾಣ" ಎಂದು ಭುಜ ಹಿಡಿದು ಎಬ್ಬಿಸಿದ.

ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಚಂದ್ರಕ್ಕ ಬಡಿಸುತ್ತ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು, ಕೈ ಮಾತ್ರ ನಿಲ್ಲದೆ ಬಡಿಸುತ್ತಿತ್ತು. ಅಪ್ಪನ ಎಲೆಗೆ ಮುದ್ದೆ ಇಡುವಾಗ ಅವನು ಕೇಳಿದ: "ನಿಂದು ಉಂಬೋದಾಯ್ತೇನವ್ವ?"

"ಹೂಂ, ನಂದಾಯ್ತು ಕಣಪ್ಪ. ನೀನುಣ್ಣು."

ದೊಡ್ಡತಿಮ್ಮಪ್ಪನ ಕೈ ಎಲೆಯ ಮೇಲೇ ನಿಂತಿತು. ಅವನು ಕೊಟ್ರೇಶನ ಕಡೆ ನೋಡಿದ. ಕೊಟ್ರೇಶ್ ಎದ್ದ. ಊಟಕ್ಕೆ ಕೂತವನು ಎಲೆ ಬಿಟ್ಟು ಏಳಬಾರದು ಎಂದು ಯಾರೋ ಹೇಳಿದರು. ಅವನು ಕೇಳಿಸಿಕೊಳ್ಳಲಿಲ್ಲ. ಅವಳ ಕೈಯಿಂದ ಮುದ್ದೆಯ ತಟ್ಟೆ ಇಸಿದುಕೊಂಡ, ಅವಳಪ್ಪನ ಪಕ್ಕದಲ್ಲಿ ಒಂದು ಎಲೆ ಹಾಕಿದ.

"ಕುಂತ್ಕಳ್ರಕ್ಕ" ಎಂದ. "ನಾನು ಬಡಿಸ್ತೀನಿ."

ಬೇಡ ಬೇಡ ಎನ್ನುತ್ತಲೇ ಚಂದ್ರಕ್ಕ ಕೂತಳು. ಮುದ್ದೆಯನ್ನೆಲ್ಲ ಉಂಡಳು, ಆಮೇಲೆ ತಲೆ ಎತ್ತದೆ, ಇನ್ನೊಂದು ಇದ್ದರೆ ಹಾಕು ಎಂದು ಕೇಳಿದಳು.