ಅಮ್ಮ ಆರಿಸಿ ಎಸೆದ ಅಕ್ಕಿ

ನಮ್ಮದು ಅಕ್ಕಿ ಅಂಗಡಿ. ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ಅಡ್ಡರಸ್ತೆಗೆ ತಿರುಗಿದರೆ ಸಿಗುತ್ತದೆ. ಅಪ್ಪನ ನಂತರ ಗಲ್ಲಾದಲ್ಲಿ ಕೂತವಳು ನಾನು. ಹೆಂಗಸು ಏನು ವ್ಯಾಪಾರ ಮಾಡಿಯಾಳು ಎಂದು ಮೂಗು ಮುರಿದವರಿಗೇ ಇಂದಿಗೂ ಅಕ್ಕಿ ತೂಗಿ ಕೊಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತ ಕುಸಿದು ಬಿದ್ದಳು. ರಕ್ತದಲ್ಲಿ ಕಬ್ಬಿಣಾಂಶ ತೀರಾ ಕಡಿಮೆ ಎಂದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹೊಟ್ಟೆ ತೊಳಸುತ್ತದೆ ಎಂದು ಅವಳು ಅದನ್ನು ಬಿಟ್ಟೇಬಿಟ್ಟಳು. ಗದರಿಸಿದೆ, ಬೇಡಿಕೊಂಡೆ, ಜಗ್ಗಲಿಲ್ಲ. ಊರಿಗೆಲ್ಲ ಅಕ್ಕಿ ಕೊಡುವವಳ ಮಗಳ ಮೈಯಲ್ಲಿ ರಕ್ತವಿಲ್ಲ! ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಅದೇ ಸಮಯಕ್ಕೆ ಒಂದು ಕಂಪನಿಯ ಮಾರಾಟದವನು ಅಂಗಡಿಗೆ ಬಂದ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ವಿಟಮಿನ್ ಸೇರಿಸಿ ಮತ್ತೆ ಅಕ್ಕಿಯ ಆಕಾರಕ್ಕೇ ಒತ್ತಿದ ಕಾಳುಗಳು ಅವನ ಸರಕು. ಮಾಮೂಲಿ ಅಕ್ಕಿಗೆ ಒಂದಿಷ್ಟು ಬೆರೆಸಿದರೆ ಸಾಕು, ರುಚಿ ಬದಲಾಗುವುದಿಲ್ಲ ಎಂದ. ಎಷ್ಟೋ ದೇಶಗಳಲ್ಲಿ ಗಿರಣಿಯವರೇ ಹಿಟ್ಟಿಗೆ ಇಂಥದ್ದನ್ನು ಬೆರೆಸಿ ಮಾರುತ್ತಾರಂತೆ. ನಾವು ದಿನಾ ತಿನ್ನುವ ಉಪ್ಪಿಗೂ ಯಾರೋ ಕಾರ್ಖಾನೆಯವರೇ ತಾನೆ ಅಯೋಡಿನ್ ಸೇರಿಸಿದ್ದು? ಆದರೂ ಅವನ ಬೆವರಿಳಿಯುವ ತನಕ ಪ್ರಶ್ನೆ ಕೇಳಿದೆ. ಡಾಕ್ಟರನ್ನೂ ಕೇಳಿ, ಅವರು ಒಳ್ಳೆಯದೇ ಎಂದ ಮೇಲೆ ತರಿಸಿ ಅಂಗಡಿಯ ಅಕ್ಕಿಗೆ ಬೆರೆಸಿದೆ. ಮೊದಲ ಚೀಲ ನಮ್ಮ ಮನೆಗೇ ಹೋಯಿತು.

ಬೀದಿ ಸುಮ್ಮನಿರಲಿಲ್ಲ. ಹಳದಿ ಛಾಯೆಯ ಆ ಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಪ್ಲಾಸ್ಟಿಕ್ ಅಂದರು. ನನ್ನ ಗಂಡನೂ ಅವರ ಕಡೆಯೇ.

"ನಿಂಗ್ಯಾಕೆ ಊರ ಉಸಾಬರಿ? ಬೇಕಾದ್ರೆ ಸರ್ಕಾರ ಮಾಡ್ಲಿ," ಎಂದರು.

"ಮಾರೋಳು ನಾನು, ತಿನ್ನೋರು ಇವ್ರು. ಲಾಭ ಎಣಿಸ್ವಾಗ ಇಲ್ದಿರೋ ಸರ್ಕಾರ ಈಗೆಲ್ಲಿಂದ ಬಂತ್ರೀ?" ಎಂದೆ.

ತಿಂಗಳುಗಳು ಕಳೆದು ಮಗಳ ರಕ್ತ ಮತ್ತೆ ಪರೀಕ್ಷೆ ಮಾಡಿಸಿದರೆ ಕಬ್ಬಿಣಾಂಶ ಇದ್ದಲ್ಲೇ ಇತ್ತು. ಮೆಟ್ಟಿಲು ಹತ್ತಿದರೆ ಆಗಲೂ ಏದುಸಿರು. ಕಂಪನಿಯವನು ಚೆನ್ನಾಗಿ ಟೋಪಿ ಹಾಕಿದ ಎಂದು ಗಂಡ ನಕ್ಕರು. ಫೋನಿನಲ್ಲೇ ಆ ಮಾರಾಟದವನ ಗ್ರಹಚಾರ ಬಿಡಿಸಿದೆ. ಅವನು ಪಾಪ, "ಮೇಡಂ, ಮನೇಲಿ ಸರಿಯಾಗಿ ಬಳಸ್ತಿದೀರಾ?" ಎಂದು ಮಾತ್ರ ಕೇಳಿದ. ಅನ್ನ ಮಾಡಲು ನನಗೆ ಹೇಳಿಕೊಡುತ್ತಾನೆ ಎಂದು ಇನ್ನಷ್ಟು ಉರಿಯಿತು.

ಅದೇ ಉರಿಯಲ್ಲಿ ಮಧ್ಯಾಹ್ನ ಎನ್.ಆರ್. ಕಾಲೋನಿಯ ಮನೆಗೆ ಬಂದೆ. ನಮ್ಮ ಜೊತೆಗೇ ಇರುವ ಅಮ್ಮ ಹಜಾರದಲ್ಲಿ ಮೊರ ಹಿಡಿದು ಕೂತಿದ್ದಳು. ಎಷ್ಟೇ ಸ್ವಚ್ಛವಾದ ಅಕ್ಕಿಯಾಗಲಿ, ಅವಳು ಆರಿಸದೆ ಒಲೆ ಹತ್ತುವಂತಿಲ್ಲ. ಆವತ್ತು ಅವಳ ಪಕ್ಕದಲ್ಲೊಂದು ಬಟ್ಟಲಿತ್ತು. ಅದರ ತುಂಬ ಹಳದಿ ಕಾಳುಗಳು.

"ಏನಮ್ಮಾ ಮಾಡ್ತಿದೀಯಾ?"

"ಮೆತ್ತಗೆ ಮಾತಾಡು. ನಿಂಗೆ ಯಾರೋ ಕಲಬೆರಕೆ ಅಕ್ಕಿ ಕೊಟ್ಟು ಮೋಸ ಮಾಡಿದಾರೆ. ಗೊತ್ತಾದ್ರೆ ಅಂಗಡಿ ಮಾನ ಹೋಗತ್ತೆ ಅಂತ ಯಾರ್ಗೂ ಹೇಳ್ದೇ ದಿನಾ ಆರಿಸ್ತಿದೀನಿ. ಮಗೂಗೆ ಒಂದ್ ಕಾಳೂ ಹೋಗಕ್ ಬಿಟ್ಟಿಲ್ಲ."

ಅಲ್ಲೇ ಅವಳ ಎದುರು ಕೂತೆ. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದೆ. ಅಮ್ಮ ಬಟ್ಟಲನ್ನು ಎತ್ತಿ ಮೊರಕ್ಕೆ ಸುರಿದು, ಎರಡೂ ಕೈಯಿಂದ ಕಲಸಿದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಕಂಪನಿಯ ಮೇಲಂತೂ ಈಗಲೂ ಸಿಟ್ಟಿದೆ. ಜಾಹೀರಾತಿಗೆ ಅಷ್ಟು ದುಡ್ಡು ಸುರಿಯುವವರು ಮೊರ ಹಿಡಿದು ಕೂತವಳಿಗೆ ಒಂದು ಮಾತು ಹೇಳಿಸಬಾರದಿತ್ತೇ? ಅವರು ಹೇಳಲಿಲ್ಲ, ನಾನು ಹೇಳುತ್ತೇನೆ ಎಂದು ಹಠ ಹಿಡಿದೆ. ಹಳದಿ ಕಾಳು ಕಲಬೆರಕೆಯಲ್ಲ, ಆರಿಸಿ ಎಸೆಯಬೇಡಿ ಎಂದು ಅಕ್ಕಿ ಒಯ್ಯುವ ಪ್ರತಿಯೊಬ್ಬರಿಗೂ ಹೇಳಿದೆ. ಕೆಲವರು ಕೇಳಿದರು. ಬಹಳ ಜನ ಬೇರೆ ಅಂಗಡಿ ನೋಡಿಕೊಂಡರು.

ಮುಂದಿನ ವಾರ ಹಳೆಯ ಗಿರಾಕಿಯೊಬ್ಬರು ಚೀಲ ತಂದು ಕುಕ್ಕಿ, ನಿಮ್ಮಪ್ಪನ ಹೆಸರು ಕೆಡಿಸಿದೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ವಾಪಸ್ ತಗೋ ಎಂದು ಅಂಗಡಿಯಲ್ಲೇ ಇದ್ದ ಗಂಡ ಕಣ್ಸನ್ನೆ ಮಾಡಿದರು. ತಗೊಳ್ಳೋದಿಲ್ಲ ಎಂದೆ. ಆವತ್ತು ಅಮ್ಮ ತಾನಾಗಿಯೇ ನನ್ನ ಜೊತೆ ಅಂಗಡಿಗೆ ಬಂದು ಕೂತಿದ್ದಳು. ಅವಳು ಎದ್ದಳು.

"ನಾನೂ ನಿಮ್ಮ ಹಾಗೇ ಅಂದ್ಕೊಂಡೆ. ಮೊಮ್ಮಗಳ ತಟ್ಟೆಯಿಂದ ಅವಳ ರಕ್ತಾನೇ ಆರಿಸಿ ಬಿಸಾಕ್ದೆ. ನಿಮ್ಮನೇಲೂ ಹೆಣ್ಮಕ್ಕಳಿದಾರಲ್ವಾ?"

ಅವರು ಚೀಲವನ್ನು ಎತ್ತದೆ ಹೊರಟುಹೋದರು. ಗಂಡ ತಲೆ ಮೇಲೆ ಕೈ ಹೊತ್ತು ಕೂತರು. ನಾನು ಅವರೆದುರಿಗೇ ಫೋನ್ ತೆಗೆದು, ಬರುವ ತಿಂಗಳಿಗೂ ಅದೇ ಕಾಳು ಕಳಿಸಿ ಎಂದು ಕಂಪನಿಯವನಿಗೆ ಹೇಳಿದೆ.